ತಂಪು ಯಂತ್ರದ ತರಬೇತಿ: ಸೇರುವ ಮುನ್ನ ಸಾಲದ ಲೆಕ್ಕ ಹಾಕಿ

ಎಸ್ಸೆಸ್ಸೆಲ್ಸಿ ಪಾಸಾದ ಮಗನನ್ನು ಮುಂದೆ ಯಾವ ದಾರಿಗೆ ಹಚ್ಚಬೇಕೆಂಬ ಚಿಂತೆ ಪ್ರತಿ ಬೇಸಿಗೆಯಲ್ಲೂ ರೈತರ ಮನೆಗಳಲ್ಲಿ ಇದ್ದದ್ದೇ. ಹಿಡುವಳಿ ಚಿಕ್ಕದಾದಂತೆ ಕೈಕಸುಬಿನ ಕಡೆ ಒಲವು ಹೆಚ್ಚುತ್ತಿದೆ. ಅಂಥ ಕಸುಬುಗಳಲ್ಲಿ ಫ್ರಿಜ್ ಮತ್ತು ಎ.ಸಿ. ರಿಪೇರಿಯೂ ಒಂದು. ಕಸುಬು ಒಳ್ಳೆಯದೇ. ಆದರೆ ಅದನ್ನು ಕಲಿಸಲು ಹೊಲವನ್ನು ಅಡವಿಡುವ ಮೊದಲು ಬಿತ್ತನೆಗೆ ಹಾಕುವಷ್ಟೇ ಎಚ್ಚರದ ಲೆಕ್ಕವನ್ನು ಇಲ್ಲಿಯೂ ಹಾಕಬೇಕು.

ತರಬೇತಿಯ ಸ್ವರೂಪ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಈ ಕಸುಬಿನ ತರಬೇತಿ 2 ವರ್ಷದ್ದು. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ ಇರುತ್ತದೆ. ಅದರಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುತ್ತದೆ. ಸರ್ಕಾರಿ ಸಂಸ್ಥೆಯಲ್ಲಿ ಶುಲ್ಕ ತೀರ ಕಡಿಮೆ. ಅಲ್ಲಿ ಮುಖ್ಯ ಖರ್ಚೆಂದರೆ ಊಟ, ವಸತಿ ಮತ್ತು ಬಸ್ಸಿನದು. ಖಾಸಗಿ ಸಂಸ್ಥೆಗಳಲ್ಲಿ ಶುಲ್ಕ ಹಲವು ಪಟ್ಟು ಹೆಚ್ಚು. ಇವೆರಡರ ಜೊತೆಗೆ ಕೆಲವು ತಿಂಗಳಲ್ಲೇ ಸರ್ಟಿಫಿಕೇಟು ಕೊಡುವ ಖಾಸಗಿ ಕೇಂದ್ರಗಳೂ ಇವೆ. ಇವುಗಳಲ್ಲಿ ಎಲ್ಲವೂ ಕೊಡುವ ಕಾಗದಕ್ಕೆ ಸರ್ಕಾರದ ಮಾನ್ಯತೆ ಇರುವುದಿಲ್ಲ.

ಸಾಲ ಬೆಳೆಯುವ ಬಗೆ

ಉದಾಹರಣೆಗೆ ಖಾಸಗಿ ಸಂಸ್ಥೆಯ ಶುಲ್ಕ ಮತ್ತು ವಸತಿ ಸೇರಿ 2 ವರ್ಷಕ್ಕೆ 1,20,000 ರೂ. ಬೇಕೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ 40,000 ರೂ. ಇದೆ, ಉಳಿದ 80,000 ರೂ. ಸಾಲ. ಊರಿನಲ್ಲಿ ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿಯಂತೆ ಕೈಸಾಲ ಮಾಡಿದರೆ ತಿಂಗಳ ಬಡ್ಡಿಯೇ 1,600 ರೂ. ಆಗುತ್ತದೆ. ಕಲಿಯುವ 2 ವರ್ಷ, ಅನಂತರ ಅಪ್ರೆಂಟಿಸ್ ಆಗಿ 1 ವರ್ಷ, ಒಟ್ಟು 36 ತಿಂಗಳಿಗೆ ಕೂಡಿದ ಬಡ್ಡಿ 57,600 ರೂ. ಅದೇ ಹಣವನ್ನು ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 12ರ ಸರಳ ಬಡ್ಡಿಯಲ್ಲಿ ಪಡೆದಿದ್ದರೆ ಬಡ್ಡಿ 28,800 ರೂ. ಮಾತ್ರ.

ವ್ಯತ್ಯಾಸ ಪೂರ್ತಿ ತಿಳಿಯುವುದು ಸಾಲ ತೀರಿಸಲು ಹೊರಟಾಗ. ಹುಡುಗ ತಿಂಗಳಿಗೆ 3,000 ರೂ. ಕಟ್ಟುತ್ತಾನೆ ಎನ್ನಿ. ಕೈಸಾಲದಲ್ಲಿ ಆ ತಿಂಗಳ ಬಡ್ಡಿಗೆ 1,600 ರೂ. ಹೋಗಿ 1,400 ಉಳಿಯುತ್ತದೆ. ಹಳೆಯ ಬಡ್ಡಿ ಬಾಕಿ ತೀರುವುದಕ್ಕೇ 41 ತಿಂಗಳು ಬೇಕು. ಅಲ್ಲಿಯವರೆಗೂ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಬ್ಯಾಂಕಿನ ಸಾಲದಲ್ಲಿ ಈ ಬಾಕಿ 13 ತಿಂಗಳ ಸುಮಾರಿಗೆ ತೀರುತ್ತದೆ.

ಕೌಶಲ ಸಾಲ ಯೋಜನೆಯನ್ನು ಕೇಂದ್ರ ಸರ್ಕಾರ 2015ರಲ್ಲಿ ಜಾರಿಗೆ ತಂದಿತು. ಆಗ ಇದ್ದ 1.5 ಲಕ್ಷ ರೂ. ಮಿತಿಯನ್ನು 2024ರಲ್ಲಿ 7.5 ಲಕ್ಷಕ್ಕೆ ಏರಿಸಲಾಯಿತು. ಮಿತಿ ಏರಿತೆಂದು ಅಷ್ಟನ್ನೂ ಪಡೆಯಬೇಕೆಂದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮರುಪಾವತಿ ಯಾವಾಗ ಆರಂಭ, ಅಲ್ಲಿಯವರೆಗಿನ ಬಡ್ಡಿ ಎಷ್ಟು ಎಂಬುದನ್ನು ಮ್ಯಾನೇಜರರಿಂದ ಬರೆಸಿಕೊಳ್ಳುವುದು ಕ್ಷೇಮ.

ಗಳಿಕೆ ಎಷ್ಟು?

ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿ ಐ.ಟಿ.ಐ. ಪ್ರಮಾಣಪತ್ರ ಉಳ್ಳವರಿಗೆ ತಿಂಗಳಿಗೆ ಕನಿಷ್ಠ 7,000 ರೂ. ಶಿಷ್ಯವೇತನವನ್ನು ಗೊತ್ತುಮಾಡಿತು. ಪಟ್ಟಣದಲ್ಲಿ ಕೋಣೆಯ ಬಾಡಿಗೆ ಪಾಲು, ಊಟ, ಬಸ್ಸು ಎಂದರೆ ಇಷ್ಟು ಹಣ ಕೈಯಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಮೂರನೆಯ ವರ್ಷವೂ ಮಗ ಸಾಲ ತೀರಿಸಿಯಾನೆಂದು ನೆಚ್ಚಬಾರದು. ಅವನು ಮನೆ ಬಿಟ್ಟ ಮೇಲೆ ಹೊಲದ ಕೆಲಸಕ್ಕೆ ಆಳಿಡುವ ಕೂಲಿಯನ್ನೂ ಖರ್ಚಿನ ಬಾಬ್ತಿಗೆ ಸೇರಿಸಬೇಕು.

ಈ ಕಸುಬಿಗೂ ಸುಗ್ಗಿ ಉಂಟು. ಫೆಬ್ರುವರಿಯಿಂದ ಮೇ ತನಕ ಎ.ಸಿ. ಕೆಲಸ ಬಿಡುವಿಲ್ಲದಷ್ಟು. ಮಳೆ ಹಿಡಿದ ಮೇಲೆ ಕೆಲಸ ತಗ್ಗುತ್ತದೆ. ಬೇಸಿಗೆಯ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿ ವರ್ಷದ ಆದಾಯವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಂಬಳದಲ್ಲಿ ಊಟ ವಸತಿ ಕಳೆದು ಉಳಿಯುವುದರ ಅರ್ಧಕ್ಕಿಂತ ಸಾಲದ ಕಂತು ಹೆಚ್ಚಾಗದಂತೆ ನೋಡಿಕೊಳ್ಳುವುದು ಲೇಸು.

ಕೆಲಸಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅನೇಕ ಹಾಲು ಉತ್ಪಾದಕರ ಸಂಘಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಶೀತಲ ಘಟಕಗಳಿವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕಾಪಿಡುವ ಕೋಲ್ಡ್ ಸ್ಟೋರೇಜುಗಳು ಹಲವಾರು. ಔಷಧಿ ಅಂಗಡಿ, ಐಸ್ ಕ್ರೀಂ ಅಂಗಡಿ, ಮದುವೆ ಛತ್ರ ಎಲ್ಲಕ್ಕೂ ರಿಪೇರಿಯವನು ಬೇಕು. ಊರಿನಿಂದಲೇ ಓಡಾಡಿ ದುಡಿಯುವಂತಾದರೆ ಬಾಡಿಗೆ ಉಳಿಯುತ್ತದೆ, ಸಾಲ ಬೇಗ ಇಳಿಯುತ್ತದೆ.

ಸಂಸ್ಥೆಯಲ್ಲಿ ಕೇಳಬೇಕಾದದ್ದು

ಶುಲ್ಕ ಕಟ್ಟುವ ಮೊದಲು ತಂದೆ ಮಗ ಇಬ್ಬರೂ ಹೋಗಿ ಕಾರ್ಯಾಗಾರವನ್ನು ಕಣ್ಣಾರೆ ನೋಡಬೇಕು.

1. ಈ ಕಸುಬಿಗೇ ಮಾನ್ಯತೆ ಇದೆಯೇ? ಒಂದು ಕಸುಬಿಗೆ ಮಾನ್ಯತೆ ಪಡೆದು ಇನ್ನೊಂದನ್ನು ಕಲಿಸುವುದೂ ಉಂಟು. ಜಿಲ್ಲೆಯ ಸರ್ಕಾರಿ ಐ.ಟಿ.ಐ.ಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

2. ಹುಡುಗರು ತಾಮ್ರದ ಕೊಳವೆ ಬೆಸೆದು, ಗಾಳಿ ತೆಗೆದು, ಗ್ಯಾಸ್ ತುಂಬುವುದನ್ನು ತಮ್ಮ ಕೈಯಿಂದಲೇ ಮಾಡುತ್ತಾರೆಯೇ?

3. ಹೊಸ ಗ್ಯಾಸುಗಳ ಪಾಠ ಇದೆಯೇ? ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-22 ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಬಹುಮಟ್ಟಿಗೆ ಕೈಬಿಡಬೇಕಾಗಿದೆ. ಈಗ ಬರುತ್ತಿರುವ ಆರ್-32, ಆರ್-290 ಗ್ಯಾಸುಗಳು ಬೆಂಕಿ ಹಿಡಿಯುವಂಥವು. ಇವುಗಳ ಪಾಠವಿಲ್ಲದ ತರಬೇತಿಯಿಂದ ಹಣವೂ ನಷ್ಟ, ಜೀವಕ್ಕೂ ಅಪಾಯ.

4. ಹೋದ ವರ್ಷ ಪಾಸಾದವರು ಎಲ್ಲಿ ದುಡಿಯುತ್ತಿದ್ದಾರೆ? ಸಂಸ್ಥೆಯವರ ಮಾತಿಗೆ ನಿಲ್ಲದೆ ಅಂಥ ಇಬ್ಬರನ್ನಾದರೂ ಕಂಡು ಕೈಗೆ ಬರುವ ಸಂಬಳವನ್ನು ಕೇಳಿ.

ಸರ್ಕಾರಿ ಸಂಸ್ಥೆಗೆ ಮೊದಲು ಅರ್ಜಿ ಹಾಕಿ. ಅಲ್ಲಿ ಈ ಕಸುಬು ಸಿಗದಿದ್ದರೆ ಎಲೆಕ್ಟ್ರಿಷಿಯನ್ ತರಬೇತಿಯನ್ನೂ ಯೋಚಿಸಬಹುದು. ವಿದ್ಯುತ್ತಿನ ಕೆಲಸ ಚೆನ್ನಾಗಿ ಬಲ್ಲವನು ತಂಪು ಯಂತ್ರದ ಕೆಲಸವನ್ನು ಮುಂದೆ ಕಲಿಯಬಲ್ಲ. ಸೀಟಿಗಾಗಿ ಒಂದು ವರ್ಷ ಕಾದರೂ ಚಿಂತೆಯಿಲ್ಲ. ನೂರಕ್ಕೆ ಎರಡರ ಬಡ್ಡಿಗೆ ಹೊಲವನ್ನು ಒಡ್ಡುವುದು ಮಾತ್ರ ಬೇಡ. ಮಗನಿಗೆ ಕಸುಬೂ ಇರಬೇಕು, ಕಸುಬು ಕೈಗೂಡದ ದಿನ ಹಿಂದಿರುಗಿ ಬರಲು ಭೂಮಿಯೂ ಉಳಿದಿರಬೇಕು.