ಮೇಲ್ ಸರ್ವರನ್ನು ನೀವೇ ಮಾತಾಡಿಸಿ

ಬೆಲ್ಲದ ಬಾಗೇವಾಡಿಯ ಓದುಗರೊಬ್ಬರ ಪ್ರಶ್ನೆ: 'ಅಂಗಡಿ ಬಿಲ್ ಮೇಲ್ ಮಾಡಿದ್ರ ವ್ಯಾಪಾರಿಗಳಿಗೆ ಮುಟ್ಟವಲ್ದು. ಕೇಳಿದ್ರ ಸರ್ವರ್ ಡೌನ್ ಅಂತಾರ. ಖರೇನ ಡೌನ್ ಆಗೇತೋ ಇಲ್ಲೋ ನಾವ ನೋಡಾಕ ಬರತೈತೇನ್ರಿ?'

ಧಾರಾಳವಾಗಿ ಬರುತ್ತದೆ. ಹಿಂದೆ ರಾಹುಕಾಲದ ತಲೆಗೆ ಕಟ್ಟುತ್ತಿದ್ದ ತಪ್ಪನ್ನೆಲ್ಲ ಈಗ 'ಸರ್ವರ್ ಡೌನ್' ತಲೆಗೆ ಕಟ್ಟುತ್ತಿದ್ದೇವೆ. ಪರೀಕ್ಷಿಸದೆ ನಂಬಿದರೆ ಇದೂ ಮೂಢನಂಬಿಕೆಯೇ.

ಮೇಲ್ ಸರ್ವರುಗಳು ಪರಸ್ಪರ ಆಡುವ ಎಸ್‌ಎಂಟಿಪಿ ಭಾಷೆಯ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದಿಟ್ಟರು. ಎಲ್ಲ ಸಾದಾ ಅಕ್ಷರಗಳೇ; ನಾವೂ ಟೈಪ್ ಮಾಡಿ ಆಡಬಹುದು. ಕಮಾಂಡ್ ಕಿಟಕಿ ತೆರೆದು ಟೆಲ್ನೆಟ್, ಸರ್ವರಿನ ಹೆಸರು, ಪೋರ್ಟ್ 25 ಎಂದು ಬರೆಯಿರಿ. 220 ಎಂದು ಶುರುವಾಗುವ ಸಾಲು ಬಂದರೆ ಸರ್ವರ್ ಎಚ್ಚರವಾಗಿದೆ. ಮುಂದಿನ ಉತ್ತರಗಳಲ್ಲಿ ಮೊದಲ ಅಂಕಿ ನೋಡಿದರೆ ಸಾಕು: 2 ಅಥವಾ 3 ಇದ್ದರೆ ಮುಂದುವರಿಯಬಹುದು, 4 ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಬರಬೇಕು, 5 ಇದ್ದರೆ ಆಗುವುದಿಲ್ಲ. ಉತ್ತರವೇ ಇಲ್ಲದಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ 25ನ್ನು ತಡೆದಿರಬಹುದು. ಸ್ಪ್ಯಾಮ್ ಹಾವಳಿಗೆ ಅಂಜಿ ಬಹಳ ಕಂಪನಿಗಳು ಹಾಗೆ ಮಾಡುತ್ತವೆ.

ಆಗ ಪೋರ್ಟ್ 587 ನೋಡಿ. ಅಲ್ಲಿ ಮಾತುಕತೆ ಗೂಢಲಿಪಿಯಲ್ಲಿ ನಡೆಯುವುದರಿಂದ ಓಪನ್‌ಎಸ್‌ಎಸ್‌ಎಲ್‌ನ 'ಎಸ್ ಕ್ಲೈಂಟ್' ಎಂಬ ಸಲಕರಣೆ ಬೇಕು. ಲಾಗಿನ್ ಆಗುವಾಗ 535 ಬಂದರೆ ಹೆಸರೋ ಪಾಸ್‌ವರ್ಡೋ ತಪ್ಪಿದೆ. ಲಾಗಿನ್ ದಾಟಿದ ಮೇಲೆ ನನಗೆ ಬಲು ಇಷ್ಟವಾದ ಒಂದು ಬಲೆ ಇದೆ. ಕಳಿಸುವವರ ವಿಳಾಸ ಹೇಳುವ 'ಮೇಲ್ ಫ್ರಂ' ಸಲೀಸಾಗಿ ಹೋಗುತ್ತದೆ. ಪಡೆಯುವವರ ವಿಳಾಸಕ್ಕೆಂದು 'ಆರ್‌ಸಿಪಿಟಿ ಟು' ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು ಎಂಟರ್ ಒತ್ತಿ ನೋಡಿ, ತೆರೆಯ ಮೇಲೆ 'ರೀನೆಗೋಷಿಯೇಟಿಂಗ್' ಎಂದು ಮೂಡುತ್ತದೆ! ಸರ್ವರ್ ಕೆಟ್ಟಿತೆಂದು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಸರ್ವರಿಗೆ ಆ ಸಾಲು ತಲುಪಿರುವುದೇ ಇಲ್ಲ. ಸಾಲಿನ ಮೊದಲಿಗೆ ದೊಡ್ಡ 'ಆರ್' ಕಂಡರೆ ಎಸ್ ಕ್ಲೈಂಟ್ ಅದನ್ನು ತನಗೇ ಕೊಟ್ಟ ಅಪ್ಪಣೆ ಎಂದು ತಿಳಿದು, ಗೂಢಲಿಪಿಯ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಲು ಹೊರಡುತ್ತದೆ. ದೊಡ್ಡ 'ಕ್ಯೂ' ಕಂಡರೆ ಸಂಪರ್ಕವನ್ನೇ ಕಡಿಯುತ್ತದೆ. ಎಸ್‌ಎಂಟಿಪಿ ಆಜ್ಞೆಗಳಿಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಹಾಗಾಗಿ ಸಣ್ಣಕ್ಷರದಲ್ಲಿ ಬರೆಯಿರಿ, 250 ಬರುತ್ತದೆ.

ಆಮೇಲೆ 'ಡೇಟಾ' ಎಂದು ಬರೆದು, 354 ಬಂದ ಮೇಲೆ ಕಾಗದ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೀ ಒಂದು ಚುಕ್ಕಿ. ಆಗ ಬರುವ 250ರ ಪಕ್ಕದಲ್ಲಿ ಸಾಮಾನ್ಯವಾಗಿ ಆ ಮೇಲ್‌ನ ಸರದಿ ಗುರುತೂ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು ಸರ್ವರ್ ನೋಡಿಕೊಳ್ಳುವವರಿಗೆ ಕೊಡಿ. ಮೇಲ್ ಎಲ್ಲಿ ನಿಂತಿದೆ ಎಂದು ಅವರು ಲಾಗ್ ತೆರೆದು ಹೇಳಬೇಕಾಗುತ್ತದೆ.