ಕೈಗೊಂದು ಹಳೇ ಗೇಮು: ಹೊಸ ಹ್ಯಾಂಡ್‌ಹೆಲ್ಡ್‌ನಲ್ಲಿ ನಮಗೇನು ಬೇಕು, ಏನು ಬೇಡ?

ನಮ್ಮಲ್ಲಿ ಬಹಳ ಜನರ ಮೊದಲ ಕನ್ಸೋಲ್ ಅಂದ್ರೆ ಊರ ಜಾತ್ರೆಯಲ್ಲಿ ಹಟ ಮಾಡಿ ಕೊಡಿಸಿಕೊಂಡ ಬ್ರಿಕ್ ಗೇಮ್. ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಅವೇ ಕೆಲವು ಆಟ, ವೇಗ ಮಾತ್ರ ಬೇರೆ ಬೇರೆ. ಆ ಚಟ ಬಿಡದೆ ಕಳೆದ ವರ್ಷ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ದುಡ್ಡು ಸೇರಿಸಿ ಒಂದು ಅಗ್ಗದ ರೆಟ್ರೋ ಹ್ಯಾಂಡ್‌ಹೆಲ್ಡ್ ತರಿಸಿದೆವು. ಮೂರೇ ತಿಂಗಳಲ್ಲಿ ಸ್ಟಿಕ್ ತಾನಾಗಿಯೇ ಎಡಕ್ಕೆ ಎಳೆಯತೊಡಗಿತು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ರೆ ಚಾರ್ಜೇ ಆಗಲ್ಲ. ಕೊನೆಗೆ ಒಂದು ರಾತ್ರಿ ಬ್ಯಾಟರಿ ಸತ್ತು, ನಾಲ್ವರ ಸೇವ್ ಫೈಲ್‌ಗಳೂ ಅದರ ಜೊತೆಗೇ ಹೋದವು.

ಬೈದುಕೊಂಡು ಸುಮ್ಮನಾಗುವ ಬದಲು ಅದನ್ನು ಬಿಚ್ಚಿದೆವು. ಈ ಸೆಮಿಸ್ಟರ್ ನಮ್ಮ ಮಿನಿ ಪ್ರಾಜೆಕ್ಟ್ ಅದೇ: ನಮ್ಮದೇ ಒಂದು ಹ್ಯಾಂಡ್‌ಹೆಲ್ಡ್. ಬಜೆಟ್ 8000 ರೂಪಾಯಿ. ಗೈಡ್ ಮೇಡಂ ಹೇಳಿದ್ದು ಒಂದೇ ಮಾತು: “ಬೇಕು ಅನ್ನೋ ಪಟ್ಟಿ ಯಾರು ಬೇಕಾದ್ರೂ ಬರೀತಾರೆ. ಪ್ರತಿಯೊಂದಕ್ಕೂ ಕಾರಣ ಬರ್ಕೊಂಡು ಬನ್ನಿ.” ಬರೆದುಕೊಂಡು ಹೋದದ್ದು ಇದು.

ಸ್ಕ್ರೀನ್: ದೊಡ್ಡದಲ್ಲ, ಲೆಕ್ಕ ಕೂಡುವಂಥದ್ದು

ಹಳೇ ಗೇಮ್‌ಗಳ ಚಿತ್ರ ತುಂಬಾ ಚಿಕ್ಕದು. 1989ರ ಗೇಮ್ ಬಾಯ್‌ದು 160×144 ಪಿಕ್ಸೆಲ್. 2001ರ ಗೇಮ್ ಬಾಯ್ ಅಡ್ವಾನ್ಸ್‌ದು 240×160. ಇದನ್ನು ಹೊಸ ಸ್ಕ್ರೀನಿಗೆ ಹಿಗ್ಗಿಸುವಾಗ ಎರಡು ಪಟ್ಟು, ಮೂರು ಪಟ್ಟು ಅಂತ ಪೂರ್ಣಾಂಕದಲ್ಲೇ ಹಿಗ್ಗಿಸಬೇಕು. ಅಗ್ಗದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 640×480 ಸ್ಕ್ರೀನ್‌ನಲ್ಲಿ ಅಡ್ವಾನ್ಸ್ ಗೇಮನ್ನು ಅಗಲ ತುಂಬುವಂತೆ ಮಾಡಿದ್ರೆ 2.67 ಪಟ್ಟು ಆಗುತ್ತೆ. ಆಗ ಒಂದು ಪಿಕ್ಸೆಲ್ ದಪ್ಪ, ಪಕ್ಕದ್ದು ಸಣ್ಣ. ಚಿತ್ರ ಓಡುವಾಗ ಅಕ್ಷರಗಳು ಮಿಣಮಿಣ ಅನ್ನುತ್ತವೆ.

ಅದಕ್ಕೇ ನಾವು ಆರಿಸಿದ್ದು 720×480. ಗೇಮ್ ಬಾಯ್ ಅಡ್ವಾನ್ಸ್ ಇದರಲ್ಲಿ ಸರಿಯಾಗಿ 3 ಪಟ್ಟು. ಗೇಮ್ ಬಾಯ್ 3 ಪಟ್ಟಿಗೆ 480×432 ಆಗಿ ಅಚ್ಚುಕಟ್ಟಾಗಿ ಕೂರುತ್ತೆ. ಪ್ಲೇಸ್ಟೇಷನ್‌ನ 320×240 ಚಿತ್ರ 2 ಪಟ್ಟಿಗೆ 640×480. ಇದೇ ಲೆಕ್ಕವನ್ನು ತುತ್ತತುದಿಗೆ ಒಯ್ದವರು 2021ರ ಅನಲಾಗ್ ಪಾಕೆಟ್‌ನವರು. ಅದರ ಸ್ಕ್ರೀನ್ 1600×1440, ಅಂದ್ರೆ ಗೇಮ್ ಬಾಯ್‌ನ ಸರಿಯಾಗಿ 10 ಪಟ್ಟು. ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಆದ್ರೆ ತತ್ವ ಒಂದೇ.

ಬಟನ್: ಮೊದಲು ಡಿ-ಪ್ಯಾಡ್, ಆಮೇಲೆ ಸ್ಟಿಕ್

ಅಧಿಕ ಚಿಹ್ನೆಯ ಆಕಾರದ ಡಿ-ಪ್ಯಾಡನ್ನು ನಿಂಟೆಂಡೊದ ಗುನ್‌ಪೇ ಯೋಕೊಯಿ 1982ರ ಡಾಂಕಿ ಕಾಂಗ್ ಗೇಮ್ & ವಾಚ್‌ಗಾಗಿ ರೂಪಿಸಿದರು. ಅದರ ಗುಟ್ಟು ನಡುವಿನ ಊರುಗೋಲಿನಲ್ಲಿದೆ. ಎಡಕ್ಕೆ ಒತ್ತಿದ್ರೆ ಬಲಭಾಗ ಮೇಲೇಳುತ್ತೆ, ಹಾಗಾಗಿ ಎರಡೂ ಒಟ್ಟಿಗೆ ಒತ್ತಲಾಗದು. ನಾವು ಬಿಚ್ಚಿದ ಮಾಡೆಲ್‌ನಲ್ಲಿ ಆ ಊರುಗೋಲು ತೀರಾ ಗಿಡ್ಡ. ಬಲಕ್ಕೆ ಒತ್ತಿದ್ರೆ ಮೇಲಕ್ಕೂ ಹೋಗುತ್ತಿದ್ದದ್ದು ಅದಕ್ಕೇ. ತಪ್ಪು ನಮ್ಮ ಹೆಬ್ಬೆರಳಿನದ್ದಲ್ಲ!

ಸ್ಟಿಕ್ ಎಳೆಯುವುದಕ್ಕೂ ಕಾರಣ ಸಿಕ್ಕಿತು. ಮಾಮೂಲಿ ಸ್ಟಿಕ್ ಒಳಗೆ ಇರೋದು ಪೊಟೆನ್ಷಿಯೋಮೀಟರ್, ಅಂದ್ರೆ ಕಾರ್ಬನ್ ಪಟ್ಟಿಯ ಮೇಲೆ ಉಜ್ಜುವ ಲೋಹದ ತುಂಡು. ಪಟ್ಟಿ ಸವೆದಂತೆ ನಡುವಿನ ರೀಡಿಂಗ್ ಸರಿಯುತ್ತೆ. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಆಯಸ್ಕಾಂತ ಚಲಿಸುತ್ತೆ, ಸೆನ್ಸರ್ ದೂರದಿಂದಲೇ ಕಾಂತಕ್ಷೇತ್ರ ಅಳೆಯುತ್ತೆ. ಅಳತೆಯ ಜಾಗದಲ್ಲಿ ಉಜ್ಜಾಟವಿಲ್ಲ, ಹಾಗಾಗಿ ಆ ಸವೆತವೂ ಇಲ್ಲ. ಹಾಕೋದಾದ್ರೆ ಅದೇ ಹಾಕಬೇಕು, ಅದೂ ಡಿ-ಪ್ಯಾಡ್‌ನ ಕೆಳಗೆ.

ಚಾರ್ಜಿಂಗ್: ಎರಡು ರೆಸಿಸ್ಟರ್‌ನ ಕಥೆ

ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಹಾಕಿದಾಗ ಚಾರ್ಜರ್ ತಕ್ಷಣ 5 ವೋಲ್ಟ್ ಕೊಡಲ್ಲ. ಮೊದಲು ‘ಆ ಕಡೆ ಯಾರಾದ್ರೂ ಇದ್ದಾರಾ’ ಅಂತ ಸಿಸಿ ಪಿನ್‌ಗಳಲ್ಲಿ ನೋಡುತ್ತೆ. ಅಲ್ಲಿ ಗ್ರೌಂಡ್‌ಗೆ 5.1 ಕಿಲೋ ಓಮ್ ರೆಸಿಸ್ಟರ್ ಕಂಡ್ರೆ ಮಾತ್ರ ಕರೆಂಟು. ನಮ್ಮ ಹಳೇ ಹ್ಯಾಂಡ್‌ಹೆಲ್ಡ್‌ನಲ್ಲಿ ಆ ಎರಡು ರೆಸಿಸ್ಟರ್‌ಗಳೇ ಇರಲಿಲ್ಲ. ಹಳೇ ಟೈಪ್-ಎ ಚಾರ್ಜರ್ ಏನನ್ನೂ ಕೇಳದೆ 5 ವೋಲ್ಟ್ ಕೊಡುತ್ತೆ, ಅದಕ್ಕೇ ಅದರಲ್ಲಿ ಮಾತ್ರ ಚಾರ್ಜ್ ಆಗುತ್ತಿತ್ತು.

ಎಸ್‌ಪಿ ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗೋ ವಸ್ತು ಇದು. ಇಲ್ಲಿ ದೊಡ್ಡವರೂ ಎಡವಿದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡ್‌ಗಳಲ್ಲಿ ಎರಡು ಸಿಸಿ ಪಿನ್‌ಗೂ ಸೇರಿ ಒಂದೇ ರೆಸಿಸ್ಟರ್ ಇತ್ತು. ಒಳಗೆ ಚಿಪ್ ಇರುವ ಕೆಲವು ಕೇಬಲ್‌ಗಳಲ್ಲಿ ಅದು ಆನ್ ಆಗುತ್ತಿರಲಿಲ್ಲ, ಮುಂದೆ ಸರಿಪಡಿಸಿದರು. ನಮ್ಮ ಪಿಸಿಬಿಯಲ್ಲಿ ಪ್ರತಿ ಪಿನ್‌ಗೂ ಒಂದೊಂದು.

ಬ್ಯಾಟರಿ ಮತ್ತು ಸೇವ್

3.7 ವೋಲ್ಟ್, 4000 ಎಂಎಎಚ್ ಸೆಲ್ ಅಂದ್ರೆ 14.8 ವಾಟ್-ಅವರ್. ಇಡೀ ಯಂತ್ರ ಸುಮಾರು 2 ವಾಟ್ ತಿಂದ್ರೆ, ಕನ್ವರ್ಟರ್‌ನಲ್ಲಿ ಪೋಲಾಗೋದನ್ನ ಕಳೆದು 6 ಗಂಟೆ ಆಡಬಹುದು. ಬೆಂಗಳೂರಿಂದ ಹುಬ್ಬಳ್ಳಿಗೆ ರೈಲಲ್ಲಿ ಹೋಗೋರಿಗೆ ಹೆಚ್ಚುಕಮ್ಮಿ ಸಾಕು.

ಅದಕ್ಕಿಂತ ಮುಖ್ಯವಾದದ್ದು ಎಷ್ಟು ಉಳಿದಿದೆ ಅಂತ ನಿಜ ಹೇಳೋದು. ಲಿಥಿಯಂ ಸೆಲ್‌ನ ವೋಲ್ಟೇಜ್ ಬಹುಕಾಲ ಹೆಚ್ಚು ಬದಲಾಗದೆ ಇದ್ದು, ಕೊನೆಗೆ ದಬಕ್ಕನೆ ಬೀಳುತ್ತೆ. ಬರೀ ವೋಲ್ಟೇಜ್ ನೋಡಿ ಶೇಕಡಾ ತೋರಿಸಿದ್ರೆ 30 ಇದ್ದದ್ದು ಕಣ್ಣೆದುರೇ ಸೊನ್ನೆ. ಆ ಕ್ಷಣ ಮೆಮೊರಿ ಕಾರ್ಡ್‌ಗೆ ಬರೆಯುತ್ತಿದ್ದರೆ ಫೈಲ್ ಸಿಸ್ಟಮ್ ಕೆಡುತ್ತೆ. ನಮಗೆ ಆಗಿದ್ದೂ ಇದೇ ಇರಬೇಕು. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಚಾರ್ಜನ್ನು ಎಣಿಸುವ ಫ್ಯುಯೆಲ್ ಗೇಜ್ ಚಿಪ್ ಬೇಕೇ ಬೇಕು. ಶೇ. 5ಕ್ಕೆ ಇಳಿದಾಗ ಆಟ ಸೇವ್ ಮಾಡಿ ತಾನೇ ಆಫ್ ಆಗಬೇಕು. ಪವರ್ ಬಟನ್ ಸಪ್ಲೈಯನ್ನೇ ಕತ್ತರಿಸಬಾರದು, ಪ್ರೊಸೆಸರ್‌ಗೆ ‘ಮುಗಿಸು’ ಅಂತ ಹೇಳಬೇಕು.

ಪ್ರೊಸೆಸರ್: ಸಾಕು ಅನ್ನುವಷ್ಟು

ಗೇಮ್ ಬಾಯ್ ಅಡ್ವಾನ್ಸ್‌ನ ಪ್ರೊಸೆಸರ್ ಓಡುತ್ತಿದ್ದದ್ದು 16.78 ಮೆಗಾಹರ್ಟ್ಸ್‌ನಲ್ಲಿ. ಅಂತ 20 ಮೆಗಾಹರ್ಟ್ಸ್ ಚಿಪ್ ತಂದ್ರೆ ಆಗಲ್ಲ. ಎಮ್ಯುಲೇಟರ್ ಹಳೇ ಯಂತ್ರದ ಒಂದೊಂದು ಆದೇಶವನ್ನೂ ಹೊಸ ಯಂತ್ರದ ಹಲವು ಆದೇಶಗಳಾಗಿ ಮಾಡಬೇಕು, ಜೊತೆಗೆ ಚಿತ್ರ, ಶಬ್ದದ ಭಾಗಗಳನ್ನೂ ತಾಳ ತಪ್ಪದಂತೆ ನಡೆಸಬೇಕು. ನಾಲ್ಕು ಕಾರ್ಟೆಕ್ಸ್-ಎ53 ಕೋರ್ ಇದ್ದರೆ ಪ್ಲೇಸ್ಟೇಷನ್‌ವರೆಗೆ ಧಾರಾಳ ಸಾಕು, ಫ್ಯಾನೂ ಬೇಡ.

ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ವಿಳಂಬದ ಬಗ್ಗೆ. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಒತ್ತಿದ ಬಟನ್ ನಾಲ್ಕು ಫ್ರೇಮ್ ತಡವಾಗಿ ಕಂಡ್ರೆ 67 ಮಿಲಿಸೆಕೆಂಡ್ ಹೋಯ್ತು. ಮಾರಿಯೋ ಹಳ್ಳಕ್ಕೆ ಬಿದ್ದ.

ಏನು ಬೇಡ?

ಪಟ್ಟಿ ನೋಡಿ ಮೇಡಂ ಮತ್ತೆ ಕೇಳಿದರು: “ದುಡ್ಡು ಸಾಲದಿದ್ರೆ ಮೊದಲು ಏನು ಬಿಡ್ತೀರಿ?” ಒಂದು ವಾರ ರೂಮಲ್ಲಿ ಜಗಳ ಆಯ್ತು. ಕೊನೆಗೆ ಸ್ಟಿಕ್ ಬಿಟ್ಟೆವು. 1994ರ ಮೊದಲ ಪ್ಲೇಸ್ಟೇಷನ್‌ನ ಕಂಟ್ರೋಲರ್‌ನಲ್ಲೇ ಸ್ಟಿಕ್ ಇರಲಿಲ್ಲ. ಆಮೇಲೆ ವೈಬ್ರೇಷನ್, ಬಣ್ಣಬಣ್ಣದ ಎಲ್‌ಇಡಿ, ಟಚ್ ಸ್ಕ್ರೀನ್ ಬಿಟ್ಟೆವು. ಹೆಡ್‌ಫೋನ್ ಜ್ಯಾಕ್ ಮಾತ್ರ ಬಿಡಲಿಲ್ಲ, ಹಾಸ್ಟೆಲ್‌ನಲ್ಲಿ ರಾತ್ರಿ ಪಕ್ಕದ ಮಂಚದವನೂ ಮಲಗಬೇಕಲ್ಲ. ಅಂಟು ಹಾಕದೆ ಸ್ಕ್ರೂನಲ್ಲಿ ಮುಚ್ಚುವ ಕವಚ, ಕನೆಕ್ಟರ್‌ನಲ್ಲಿ ಬಿಚ್ಚಿ ಬದಲಿಸಬಹುದಾದ ಬ್ಯಾಟರಿ, ಇವನ್ನೂ ಬಿಡಲಿಲ್ಲ.

ಯೋಕೊಯಿ ನಂಬಿದ್ದೂ ಹೆಚ್ಚುಕಡಿಮೆ ಇದನ್ನೇ: ಹಳೆಯದಾಗಿ, ಪಳಗಿ, ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕು ಅಂತ. ಗೇಮ್ ಬಾಯ್‌ಗೆ ಬಣ್ಣವೂ ಇರಲಿಲ್ಲ, ಬ್ಯಾಕ್‌ಲೈಟೂ ಇರಲಿಲ್ಲ. 1990ರಲ್ಲಿ ಬಂದ ಸೇಗಾದ ಗೇಮ್ ಗೇರ್‌ಗೆ ಎರಡೂ ಇತ್ತು, ಆದ್ರೆ ಅದು ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ನಾಲ್ಕೇ ಸೆಲ್‌ನಲ್ಲಿ ಬಹಳ ಹೆಚ್ಚು ಹೊತ್ತು ಆಡಿಸಿದ ಗೇಮ್ ಬಾಯ್ ಗೆದ್ದಿತು.

ಇನ್ನೊಂದು ಮಾತು. ಗೇಮ್ ಅಂಗಡಿಯಲ್ಲಿ ಸಿಗಲ್ಲ ಅಂದ ಮಾತ್ರಕ್ಕೆ ಅದರ ಕಾಪಿರೈಟ್ ಹೋಗಿರಲ್ಲ. ನಾವು ಟೆಸ್ಟ್ ಮಾಡೋದು ಹವ್ಯಾಸಿಗಳೇ ಬರೆದು ಉಚಿತವಾಗಿ ಹಂಚುವ ಹೋಮ್‌ಬ್ರೂ ಗೇಮ್‌ಗಳಲ್ಲಿ. ಅಂಥದ್ದೊಂದನ್ನು ಕನ್ನಡದಲ್ಲೇ ಬರೆಯೋ ಆಸೆ ಯಾರಿಗಾದ್ರೂ ಇದ್ರೆ ಬನ್ನಿ, ಯಂತ್ರ ನಾವು ಕೊಡ್ತೀವಿ.

ಅಂದಹಾಗೆ, ಜಾತ್ರೆಯ ಆ ಬ್ರಿಕ್ ಗೇಮ್ ನಮ್ಮಲ್ಲಿ ಒಬ್ಬನ ಮನೆಯಲ್ಲಿ ಇನ್ನೂ ಇದೆ. ದಸರಾ ರಜೆಯಲ್ಲಿ ಹೊಸ ಸೆಲ್ ಹಾಕಿ ನೋಡಿದ, ಆನ್ ಆಯ್ತು. ನಮ್ಮದೂ ಹತ್ತು ವರ್ಷ ಬಿಟ್ಟು ಹಾಗೇ ಆನ್ ಆದ್ರೆ ಸಾಕು.