ಹೊಗೆಯೇ ತಳ್ಳಿ ತೆರೆಯುವ ಕದ

ಬಂಗಾರಪೇಟೆಯ ಬೀದಿಯಲ್ಲಿ ಟ್ರ್ಯಾಕ್ಟರೊಂದು ಸ್ಟಾರ್ಟ್ ಆಗಿಯೇ ನಿಂತಿದ್ದರೆ ಕಿವಿಗೆ ಎರಡು ಸದ್ದು ಬೀಳುತ್ತವೆ. ಒಂದು ಎಂಜಿನ್ನಿನದು. ಇನ್ನೊಂದು, ನೆಟ್ಟಗೆ ನಿಂತ ಸೈಲೆನ್ಸರಿನ ತುದಿಯಲ್ಲಿರುವ ತಗಡಿನ ಮುಚ್ಚಳದ್ದು: ಟಪ ಟಪ ಟಪ. ಮಳೆನೀರು ಒಳಗಿಳಿಯದಿರಲೆಂದು ಕೂರಿಸಿದ ಮುಚ್ಚಳ ಅದು. ಎಂಜಿನ್ ಆರಿಸಿದರೆ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಓಡಿಸಿದರೆ ಹೊಗೆಯೇ ಅದನ್ನು ಎತ್ತುತ್ತದೆ. ಅದಕ್ಕೆ ಮೋಟಾರಿಲ್ಲ, ವೈರಿಲ್ಲ, ತೆಗಿ ಮುಚ್ಚು ಎಂದು ಹೇಳುವ ಕಂಪ್ಯೂಟರಿಲ್ಲ. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 20 ಸಲ ಹೊಗೆ ಉಗುಳುತ್ತದೆ. ಅಂದರೆ ಆ ಬಡ ತಗಡಿಗೆ ಗಂಟೆಗೆ 72,000 ಸಲ ತಳ್ಳು.

ಆ ಮುಚ್ಚಳವನ್ನು ಹಾಕುವುದಕ್ಕೂ ಕ್ರಮವಿದೆ. ಕೀಲು ಮುಂದಕ್ಕೆ, ಬಾಯಿ ಹಿಂದಕ್ಕೆ ಇರಬೇಕು. ಆಗ ಗಾಡಿ ಓಡುವಾಗ ಎದುರುಗಾಳಿ ಮುಚ್ಚಳದ ಬೆನ್ನಿಗೆ ಬಡಿಯುತ್ತದೆ, ಹೊಗೆ ಹಿಂದಕ್ಕೆ ಹೋಗುತ್ತದೆ. ಬಂಗಾರಪೇಟೆಗೆ ಹತ್ತಿರದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಊರಿಗಾಂನ ಮಗ್ಗುಲಲ್ಲೇ, ಇಂಥ ಭಾರಿ ಯಂತ್ರಗಳನ್ನು ಮಾಡುವ ಬೆಮೆಲ್ ಕಾರ್ಖಾನೆಯಿದೆ. ಬುಲ್ಡೋಜರ್, ಎಕ್ಸ್‌ಕವೇಟರ್‌ಗಳು ಟ್ರೇಲರ್ ಏರಿ ಸಾಗುವುದು ಅಲ್ಲಿನವರಿಗೆ ಹೊಸ ನೋಟವಲ್ಲ. ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ, ಇರುವ ಇಂಥ ಯಂತ್ರಗಳನ್ನು ದೂರ ಸಾಗಿಸುವಾಗ ಸೈಲೆನ್ಸರಿನ ಬಾಯಿಯನ್ನು ಕಟ್ಟಿಬಿಡಬೇಕೆಂದು ತಯಾರಕರು ಹೇಳುತ್ತಾರೆ. ಕಟ್ಟದಿದ್ದರೆ ಗಾಳಿ ಒಳಹೊಕ್ಕು ಟರ್ಬೊ ಚಕ್ರವನ್ನು ತಿರುಗಿಸುತ್ತದೆ; ಎಂಜಿನ್ ಓಡದಿರುವುದರಿಂದ ಅದರ ಬೇರಿಂಗಿಗೆ ಎಣ್ಣೆ ಬರುವುದಿಲ್ಲ, ಸವೆದುಹೋಗುತ್ತದೆ. ತನ್ನನ್ನು ಎತ್ತುತ್ತಿರುವುದು ಎಂಜಿನ್ನಿನ ಹೊಗೆಯೋ ಹೆದ್ದಾರಿಯ ಗಾಳಿಯೋ ಎಂಬುದು ಮುಚ್ಚಳಕ್ಕೆ ತಿಳಿಯುವುದಿಲ್ಲ. ತಾನಾಗಿ ತೆರೆಯುವ ವಾಲ್ವುಗಳ ಗುಣವೂ ಇದೇ, ದೋಷವೂ ಇದೇ. ಎಲ್ಲಿ ಎಷ್ಟು ತೆರೆಯಬೇಕೆಂಬ ವಿವೇಕವನ್ನೆಲ್ಲ ಅವುಗಳ ಆಕಾರದಲ್ಲೇ ಮೊದಲೇ ತುಂಬಿಡಬೇಕು.

ಚಿನ್ನದ ಗಣಿಗಳ ಈ ಸೀಮೆಗೆ ಒತ್ತಡವೇ ಆಡಿಸುವ ಕದಗಳು ಹಳೆಯ ಪರಿಚಯ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ ಹಿಡಿದು 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ ಇಲ್ಲಿನ ಗಣಿಗಳು ಚಿನ್ನದಷ್ಟೇ ಗಾಳಿಗಾಗಿಯೂ ಹೆಣಗಿದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿಂದ ಬಂದ ತಂಪುಗಾಳಿ ಅಡ್ಡದಾರಿ ಹಿಡಿದು ಹೊರಹೋಗದೆ ಕೆಲಸಗಾರರಿರುವಲ್ಲಿಗೇ ತಲುಪಬೇಕಾದರೆ ಸುರಂಗಗಳಿಗೆ ಕದ ಬೇಕು. ಗಣಿಗಳಲ್ಲಿ ಅಂಥ ಕದವನ್ನು ಗಾಳಿಯ ಒತ್ತಡಕ್ಕೆ ಎದುರಾಗಿ ತೆರೆಯುವಂತೆ ತೂಗುಹಾಕುವುದು ಪದ್ಧತಿ. ಆಳು ತಳ್ಳಿ ದಾಟಿ ಕೈಬಿಟ್ಟರೆ ಒತ್ತಡವೇ ಅದನ್ನು ಮುಚ್ಚುತ್ತದೆ. ಟ್ರಾಲಿ ದಾಟುವ ಕಡೆ ಒಂದರ ಹಿಂದೊಂದು ಎರಡು ಕದ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಮರೆತುಹೋಗುವ ಮನುಷ್ಯನನ್ನು ನಂಬದೆ, ಎಂದೂ ಮರೆಯದ ಒತ್ತಡವನ್ನು ನಂಬಿದ ಏರ್ಪಾಡು ಅದು.

ಕೆಲವು ಕಾರುಗಳ ಸೈಲೆನ್ಸರಿನೊಳಗೂ ಹೊಗೆಯ ಒತ್ತಡಕ್ಕೆ ತಾನಾಗಿ ತೆರೆಯುವ ಇಂಥದೊಂದು ಕದ ಇರುತ್ತದೆ. ಅದು ಅಲ್ಲಿ ಏಕೆ ಬೇಕು? ಸೈಲೆನ್ಸರ್ ಮಾಡುವವನ ತಲೆನೋವು ಜೋರು ಸದ್ದಲ್ಲ, ಗುಂಯ್‌ಗುಡುವ ತಗ್ಗಿನ ಸದ್ದು. ನಾಲ್ಕು ಸಿಲಿಂಡರಿನ ಎಂಜಿನ್ 1,000 ಸುತ್ತಿನಲ್ಲಿರುವಾಗ ಸೆಕೆಂಡಿಗೆ ಸುಮಾರು 33 ಮಿಡಿತ. ಬಿಸಿ ಹೊಗೆಯಲ್ಲಿ ಆ ಸದ್ದಿನ ಒಂದು ಅಲೆಯ ಉದ್ದ ಸುಮಾರು 15 ಮೀಟರ್. ಕಾರೇ ನಾಲ್ಕು ಮೀಟರ್ ಇರುವಾಗ ಅದರ ಹೊಟ್ಟೆಯಡಿಯ ಡಬ್ಬಿ ಇಷ್ಟುದ್ದದ ಅಲೆಯನ್ನು ಹೇಗೆ ಕೊಲ್ಲಬೇಕು? ಕೊಳವೆಯನ್ನು ಕಿರಿದು ಮಾಡಿದರೆ ಸದ್ದು ತಗ್ಗುತ್ತದೆ. ಆದರೆ ಹೊಗೆಯ ಹರಿವು ಎರಡು ಪಟ್ಟಾದರೆ ಕಿರಿದಾದ ದಾರಿಯಲ್ಲಿ ಒತ್ತಡ ನಾಲ್ಕು ಪಟ್ಟಾಗುತ್ತದೆ, ಐದು ಪಟ್ಟಾದರೆ 25 ಪಟ್ಟು. ಹೆದ್ದಾರಿಗೆ ಏರಿದ ಕೂಡಲೇ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ನಿಧಾನಕ್ಕೆ ಹೋಗುವಾಗ ಕಿರಿದಾಗಿ, ಜೋರಾಗಿ ಹೋಗುವಾಗ ಅಗಲವಾಗಿ ಇರುವ ಕೊಳವೆ ಬೇಕು. ಅಮೆರಿಕದ ದೊಡ್ಡ ಪಿಕಪ್ ವಾಹನಗಳು ಇಂಧನ ಉಳಿಸಲು ಓಡುತ್ತಲೇ ಅರ್ಧ ಸಿಲಿಂಡರುಗಳನ್ನು ಮಲಗಿಸತೊಡಗಿದಾಗ ಈ ಗುಂಯ್‌ಗುಡಿತ ಇನ್ನೂ ತಗ್ಗಿಗಿಳಿಯಿತು. ಹೊಗೆ ತಳ್ಳಿದರೆ ತೆರೆದು, ಸ್ಪ್ರಿಂಗು ಎಳೆದರೆ ಮುಚ್ಚುವ ಕದಕ್ಕೆ ಅಲ್ಲಿ ಬೇಡಿಕೆ ಬಂತು. ದುಬಾರಿ ಸ್ಪೋರ್ಟ್ಸ್ ಕಾರುಗಳು ಇದೇ ಕೆಲಸಕ್ಕೆ ವಿದ್ಯುತ್ ಮೋಟಾರು ಇಡುತ್ತವೆ. ಕೊಳ್ಳುವವನು ಸಾವಿರ ರೂಪಾಯಿಗೂ ಲೆಕ್ಕ ಹಾಕುವ ಗಾಡಿಗೆ ಅದು ಹೊಂದುವುದಿಲ್ಲ.

ಹಾಗಾದರೆ ಕೊಳವೆಯೊಳಗೆ ಒಂದು ಬಿಲ್ಲೆ, ಅದಕ್ಕೊಂದು ಸ್ಪ್ರಿಂಗು, ಕೆಲಸ ಮುಗಿಯಿತಲ್ಲ ಎನಿಸಬಹುದು. ಮುಗಿಯುವುದಿಲ್ಲ, ಸ್ವಾರಸ್ಯ ಶುರುವಾಗುವುದೇ ಇಲ್ಲಿ. ಬಿಲ್ಲೆಯ ಕೀಲು ನಟ್ಟನಡುವೆ ಇದ್ದರೆ ಎರಡು ಅರ್ಧಗಳ ಮೇಲೂ ತಳ್ಳು ಸಮವಾಗಿ ಬಿದ್ದು ಅದು ತೆರೆಯುವುದೇ ಇಲ್ಲ. ಕೀಲನ್ನು ಬದಿಗೆ ಸರಿಸಬೇಕು. ಸರಿಸಿದಿರಿ, ತೆರೆಯಿತು. ಆದರೆ ತೆರೆದಷ್ಟೂ ಬಿಲ್ಲೆ ಹರಿವಿಗೆ ಮೈಯೊಡ್ಡುವುದು ಕಡಿಮೆ: 60 ಡಿಗ್ರಿ ತಿರುಗಿದಾಗ ಅರ್ಧ, 75 ಡಿಗ್ರಿಗೆ ಬರೀ ಕಾಲು ಭಾಗ. ಹೊಗೆಯ ಹಿಡಿತ ಹೀಗೆ ಸಡಿಲವಾಗುತ್ತಿರುವಾಗಲೇ ಸುತ್ತಿಕೊಂಡ ಸ್ಪ್ರಿಂಗಿನ ಬಿಗಿ ಏರುತ್ತ ಹೋಗುತ್ತದೆ. ಫಲವಾಗಿ ಕದ ನಡುದಾರಿಯಲ್ಲೇ ನಿಂತು ಎಂಜಿನ್ನಿನ ಬಲವನ್ನು ತಿನ್ನುತ್ತದೆ.

ಟ್ರ್ಯಾಕ್ಟರಿನ ಮುಚ್ಚಳ ಈ ತೊಡಕನ್ನು ಪುಕ್ಕಟೆ ಬಿಡಿಸಿಕೊಂಡಿದೆ. ಅದನ್ನು ಮುಚ್ಚುವುದು ಅದರ ತೂಕ. ಮೇಲೆದ್ದು ನೆಟ್ಟಗಾದಷ್ಟೂ ಆ ತೂಕ ಕೀಲಿನ ನೇರಕ್ಕೆ ಬಂದು ಎಳೆತ ತಾನಾಗಿ ಕಡಿಮೆಯಾಗುತ್ತದೆ. ಕಾರಿನಡಿ, ಹಳ್ಳ ದಿಣ್ಣೆಯಲ್ಲಿ ಕುಲುಕುವ ಜಾಗದಲ್ಲಿ ತೂಕವನ್ನು ನೆಚ್ಚುವಂತಿಲ್ಲ. ಅಲ್ಲಿ ಎಂಜಿನಿಯರುಗಳು ಸ್ಪ್ರಿಂಗಿನ ಎರಡು ತುದಿಗಳನ್ನು ಸಿಕ್ಕಿಸುವ ಜಾಗದಲ್ಲೇ ಜಾಣತನ ತೋರಿಸಿದರು. ಕದ ತೆರೆಯುತ್ತ ಹೋದಂತೆ ಸ್ಪ್ರಿಂಗು ಎಳೆಯುವ ಗೆರೆ ಕೀಲಿನ ಹತ್ತಿರಕ್ಕೆ ಸರಿಯುತ್ತದೆ. ಸ್ಪ್ರಿಂಗು ಬಿಗಿಯಾದರೂ ಅದರ ತಿರುಗಿಸುವ ಶಕ್ತಿ ಕುಗ್ಗುತ್ತದೆ. ಒಂದು ಹಂತ ದಾಟಿತೆಂದರೆ ಕದ ಫಟ್ಟನೆ ಪೂರ್ತಿ ತೆರೆದುಬಿಡುತ್ತದೆ. ಟ್ರ್ಯಾಕ್ಟರಿಗೆ ಭೂಮಿ ಕೊಟ್ಟದ್ದನ್ನು ಕಾರಿಗೆ ರೇಖಾಗಣಿತ ಕೊಟ್ಟಿತು.

ಉಳಿದದ್ದು ಬಾಳಿಕೆಯ ಲೆಕ್ಕ. ಸೈಲೆನ್ಸರಿನೊಳಗೆ ಹೊಗೆಯ ಬಿಸಿ ನೂರಾರು ಡಿಗ್ರಿ. ಸಾಮಾನ್ಯ ಸ್ಪ್ರಿಂಗು ಅಲ್ಲಿ ಕಸುವು ಕಳೆದುಕೊಂಡು ಸೋತುಬಿಡುತ್ತದೆ. ಆದ್ದರಿಂದ ಅದನ್ನು ಕೊಳವೆಯ ಹೊರಗೆ ಗಾಳಿಯಾಡುವಲ್ಲಿ ಇಡುತ್ತಾರೆ, ಇಲ್ಲವೇ ನಿಕ್ಕಲ್ ಬೆರೆತ ದುಬಾರಿ ಲೋಹದಲ್ಲಿ ಮಾಡುತ್ತಾರೆ. ಹೊಗೆ ಮಿಡಿಯುವ ಲಯ ಕದ ತೊನೆಯುವ ಲಯಕ್ಕೆ ಕೂಡಿಬಿದ್ದರೆ ಸದ್ದು ತಗ್ಗಿಸಲು ಇಟ್ಟ ವಸ್ತುವೇ ಗಲಗಲ ಎನ್ನತೊಡಗುತ್ತದೆ. ಕದ ಬಂದು ಕೂರುವ ಕಡೆ ಸ್ಟೇನ್‌ಲೆಸ್ ತಂತಿ ಹೆಣೆದ ಮೆತ್ತೆ ಇಡುವುದು ಇದಕ್ಕಾಗಿ. ಹತ್ತಿರದ ಓಡಾಟಕ್ಕಷ್ಟೇ ಗಾಡಿ ತೆಗೆಯುವವರ ಸೈಲೆನ್ಸರಿನಲ್ಲಿ ಹೊಗೆಯ ನೀರಿನಂಶ ಆರದೆ ಉಳಿದು ತುಕ್ಕಾಗುತ್ತದೆ. ಕೀಲು ಕಚ್ಚಿಕೊಂಡರೆ ಡಬ್ಬಿ ಕೊಯ್ಯದೆ ರಿಪೇರಿಯಿಲ್ಲ.

 ಊರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿನ ಕೊನೆಯ ವರ್ಷದ ಹುಡುಗರಿಗೆ ಇಂಥ ಕದವೊಂದನ್ನು ಮಾಡಿ ನೋಡುವುದಕ್ಕಿಂತ ಅಗ್ಗದ, ಅದಕ್ಕಿಂತ ಹೆಚ್ಚು ಕಲಿಸುವ ಪ್ರಾಜೆಕ್ಟ್ ನನಗಂತೂ ಹೊಳೆಯುವುದಿಲ್ಲ. ಒಂದು ಬ್ಲೋವರ್, ಪಿವಿಸಿ ಪೈಪು, ತಗಡಿನ ಬಿಲ್ಲೆ, ಸ್ಪ್ರಿಂಗು, ಕೋನಮಾಪಕ, ಒತ್ತಡ ಅಳೆಯಲು ನೀರು ತುಂಬಿದ ಬಾಗು ಕೊಳವೆ. ಕದ ನಡುದಾರಿಯಲ್ಲಿ ನಿಲ್ಲುವುದನ್ನೂ, ಸ್ಪ್ರಿಂಗಿನ ತುದಿಯನ್ನು ಚೂರು ಸರಿಸಿದಾಗ ಫಟ್ಟನೆ ತೆರೆಯುವುದನ್ನೂ ಕಣ್ಣಾರೆ ಕಾಣಬಹುದು. ತಣ್ಣನೆ ಗಾಳಿಯಲ್ಲಿ ಬಿಸಿಯ ಪಾಠ ಸಿಗುವುದಿಲ್ಲ, ನಿಜ. ಆದರೆ ಆಕಾರದ ಪಾಠ ಪೂರ್ತಿ ಸಿಗುತ್ತದೆ.

ಕಾರಿನ ಮಾತಾಯಿತು. ನಮ್ಮ ರಸ್ತೆಗಳ ಬಹುಪಾಲು ಬೈಕುಗಳ ಪಾಲು. ಅಲ್ಲೂ ಇಂಥದೊಂದು ಕದ ಹೆಚ್ಚಿನವರ ಕಣ್ಣಿಗೆ ಬೀಳದೆ ಕೂತಿದೆ. ಅನೇಕ ಬೈಕುಗಳಲ್ಲಿ ಏರ್ ಫಿಲ್ಟರಿನ ಕಡೆಯಿಂದ ಸಿಲಿಂಡರಿನ ಹೊಗೆಬಾಯಿಯತ್ತ ಒಂದು ಸಣ್ಣ ಪೈಪು ಹೋಗುತ್ತದೆ. ನಡುವೆ ತೆಳ್ಳನೆಯ ಉಕ್ಕಿನ ಎಸಳು: ರೀಡ್ ವಾಲ್ವ್. ಹೊಗೆ ದಬಕ್ಕನೆ ಹೊರನುಗ್ಗಿದ ಬೆನ್ನಿಗೇ ಅಲ್ಲಿ ಕ್ಷಣಕಾಲ ಒತ್ತಡ ಇಳಿಯುತ್ತದೆ. ಆ ಕ್ಷಣಕ್ಕೆ ಎಸಳು ಬಾಗಿ ಶುದ್ಧಗಾಳಿ ಒಳಹೋಗುತ್ತದೆ, ಅರೆಬೆಂದ ಪೆಟ್ರೋಲಿನ ಆವಿಯೂ ಕಾರ್ಬನ್ ಮಾನಾಕ್ಸೈಡೂ ಅಲ್ಲೇ ಉರಿದುಹೋಗುತ್ತವೆ. ಮುಂದಿನ ಮಿಡಿತಕ್ಕೆ ಎಸಳು ಮುಚ್ಚಿಕೊಳ್ಳುತ್ತದೆ.

ಬುಲೆಟ್ ಪ್ರಿಯರಿಗೆ ಈ ಏರ್‌ಪೈಪು ಕಂಡರಾಗದು. ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಿಂದ ಬರುವ ಪಟಾಕಿ ಸದ್ದಿಗೆ ಅದೇ ಕಾರಣವೆಂದು ಗ್ಯಾರೇಜಿನಲ್ಲಿ ತಗಡು ಅಡ್ಡ ಇಡಿಸಿ ಮುಚ್ಚಿಸುತ್ತಾರೆ. ಸದ್ದೇನೋ ತಗ್ಗುತ್ತದೆ, ಹೊಗೆಯ ವಿಷ ಹಾಗೇ ಹೊರಬೀಳುತ್ತದೆ. ತಮಾಷೆಯೆಂದರೆ ಆ ಪಟಾಕಿ ಬೇಡವೆಂದವರಲ್ಲೇ ಹಲವರು ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ಊರೆಲ್ಲ ಗುಡುಗುವ ಕೊಳವೆ ಹಾಕಿಸಿಕೊಂಡಿರುತ್ತಾರೆ, ಪೊಲೀಸರು ಅವನ್ನು ಕಿತ್ತು ರೋಡ್ ರೋಲರಿನಡಿ ಹಾಕುತ್ತಾರೆ.

ಪಟಾಕಿ ಸದ್ದು ಬಂದರೆ ಮೊದಲು ನೋಡಬೇಕಾದ್ದು ಸೈಲೆನ್ಸರಿನ ಜಾಯಿಂಟಿನಲ್ಲಿ ಸೋರಿಕೆ ಇದೆಯೇ ಎಂದು, ಆಮೇಲೆ ಎಸಳನ್ನು. ಎಂಜಿನ್ ತಣ್ಣಗಿರುವಾಗ ವಾಲ್ವನ್ನು ಬಿಚ್ಚಿ ಏರ್ ಫಿಲ್ಟರಿನ ಕಡೆಯಿಂದ ಊದಿದರೆ ಗಾಳಿ ದಾಟಬೇಕು, ಹೊಗೆಯ ಕಡೆಯಿಂದ ಊದಿದರೆ ದಾಟಬಾರದು. ಎರಡೂ ಕಡೆಯಿಂದ ದಾಟಿದರೆ ಎಸಳಿನ ಮೇಲೆ ಮಸಿ ಕೂತಿದೆ ಅಥವಾ ಅದು ಮುರಿದಿದೆ; ಏರ್‌ಪೈಪಿನ ರಬ್ಬರು ಆಗಲೇ ಬಿಸಿಗೆ ಸುಟ್ಟು ಗಟ್ಟಿಯಾಗಿರುವುದೂ ಉಂಟು. ಮಸಿಯಾದರೆ ಒರೆಸಿ ಹಾಕಬಹುದು, ಮುರಿದಿದ್ದರೆ ಹೊಸದೇ ಆಗಬೇಕು.